ಬಾಗಿಲಲ್ಲಿ ಕೂತವರು

ಬಾಗಿಲು ತೆರೆದಿತ್ತು. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಉಳಿದದ್ದು ಬರೆಯುತ್ತ ಹೋದಂತೆ ತಾನಾಗಿಯೇ ಚಂದವಾಗಿ ಜೋಡಿಸಿಕೊಳ್ಳುತ್ತದೆ. ಹಾಗೆ ಜೋಡಿಸಿಕೊಂಡಾಗಲೆಲ್ಲ ನನಗೆ ಅನುಮಾನ. ಎದುರು ಮನೆಯ ಆಕೆ ತೀರಿಕೊಂಡ ಮೇಲೆ ನಾನು, ನನ್ನ ಹೆಂಡತಿ ಆಕೆಯ ಬಗ್ಗೆ ಮಾತಾಡದ ದಿನವಿಲ್ಲ, ಒಮ್ಮತಕ್ಕೆ ಬಂದ ದಿನವೂ ಇಲ್ಲ. ಆ ಬಾಗಿಲಿನ ಎಡಗಡೆಯ ಕದಕ್ಕೆ ಅಂಟಿಸಿದ್ದ ಚಿತ್ರದ ಯೋಧನ ಅಂಗಿ ಕೆಂಪು ಅಂತ ನಾನು, ಹಸಿರು ಅಂತ ಅವಳು. ಚಿತ್ರ ಇನ್ನೂ ಅಲ್ಲೇ ಇದೆ. ಹೋಗಿ ನೋಡಿದರೆ ಜಗಳ ಬಗೆಹರಿಯಬೇಕು. ಆದರೆ ಕಾಗದದಲ್ಲಿ ಈಗ ಯಾವ ಬಣ್ಣವೂ ಉಳಿದಿಲ್ಲ.

ಆಕೆಯ ಹೆಸರನ್ನು ಬರೆಯುವುದಿಲ್ಲ. ಬೀದಿಯಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಮ್ಮೆ ಗ್ಯಾಸಿನವನು ಬಂದು ಹೆಸರು ಕೇಳಿದ್ದಕ್ಕೆ, "ಹೆಸ್ರು ಯಾಕಪ್ಪ, ಬಾಗ್ಲಲ್ಲಿ ಕೂತಿರೋರ ಮನೆ ಅನ್ನು, ಎಲ್ಲಾರೂ ತೋರಿಸ್ತಾರೆ" ಅಂದಿದ್ದರು. ನಿಜವಾಗಿಯೂ ಎಲ್ಲರೂ ತೋರಿಸುತ್ತಿದ್ದರು.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿ. ನಮ್ಮ ಬಾಡಿಗೆ ಮನೆಯ ಮಹಡಿ ಕಿಟಕಿಗೆ ಸರಿಯಾಗಿ ಆ ಮನೆಯ ಬಾಗಿಲು. ಹಲಸಿನ ಮರದ ಜೋಡಿ ಕದ. ಒಳಗೆ ಕಾಲಿಟ್ಟರೆ ಮೊದಲು ಒಂದು ಓಣಿಯಂಥ ಇಕ್ಕಟ್ಟು ಜಾಗ, ಆಮೇಲೆ ನಡುಮನೆ. ಕದಗಳನ್ನು ಒಳಕ್ಕೆ ತಳ್ಳಿದರೆ ಓಣಿಯ ಎರಡು ಗೋಡೆಗಳಿಗೆ ಒರಗಿಕೊಂಡು ಎದುರುಬದುರು ನಿಲ್ಲುತ್ತಿದ್ದವು. ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಆಕೆ ಹೊಸ್ತಿಲಿನ ಒಳಗಡೆ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದರು. ಅಡುಗೆಗೆ ಎದ್ದರೂ ಕಿವಿ ಇಲ್ಲೇ. ಕಾಳು ಆರಿಸುವುದು, ಅವರೆಕಾಯಿ ಸುಲಿಯುವುದು, ಬತ್ತಿ ಹೊಸೆಯುವುದು, ಎಲ್ಲ ಅಲ್ಲೇ.

ಇದರಲ್ಲೇನು ವಿಶೇಷ, ಊರು ತುಂಬ ಹೆಂಗಸರು ಬಾಗಿಲಲ್ಲಿ ಕೂರುತ್ತಾರೆ ಅನ್ನಬಹುದು. ಅವರೆಲ್ಲ ಬೀದಿಗೆ ಮುಖ ಮಾಡಿ ಕೂರುತ್ತಾರೆ. ಈಕೆ ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನಾವು ಈ ಮನೆಗೆ ಬಾಡಿಗೆಗೆ ಬಂದು ಎಷ್ಟೋ ದಿನ ನಾನು ಕಂಡಿದ್ದು ಆ ಬೆನ್ನು, ಬಿಳಿ ಗಂಟು, ಸೆರಗಿನ ಅಂಚು. ಬೀದಿಯಲ್ಲಿ ಹೋಗುವವರು ಮಾತಾಡಿಸಿದರೆ ತಲೆ ತಿರುಗಿಸದೆಯೇ ಉತ್ತರ ಕೊಡುತ್ತಿದ್ದರು. ದನಿಯಿಂದಲೇ ಯಾರೆಂದು ತಿಳಿಯುತ್ತಿತ್ತು. "ಏನಮ್ಮಣ್ಣಿ, ಸೊಸೆ ಬಂದ್ಲಾ?" ಅಂತ ಬೆನ್ನೇ ಕೇಳಿದಂತೆ ಇರುತ್ತಿತ್ತು.

ಆಕೆ ಕಾಯುತ್ತಿದ್ದದ್ದು ಗಂಡನನ್ನು.

ಯಜಮಾನರು ಅಂತ ಬೀದಿಯವರೆಲ್ಲ ಕರೆಯುತ್ತಿದ್ದ ಆ ಮನುಷ್ಯ ಒಂದು ಕಾಲಕ್ಕೆ ಕೊಬ್ಬರಿ ವ್ಯಾಪಾರದಲ್ಲಿ ಹೆಸರು ಮಾಡಿದವರು. ಕಾಯಿಗಳು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಮಲಗಿ, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಆ ಕಿವಿ ಯಜಮಾನರದ್ದು. ಮರೆವಿನ ಕಾಯಿಲೆ ಬಂದು ಹೆಂಡತಿಯ ಮುಖವೂ ಒಮ್ಮೊಮ್ಮೆ ತಪ್ಪಿಹೋಗುವಾಗಲೂ ಕೈಗೆ ಒಂದು ಕಾಯಿ ಕೊಟ್ಟರೆ ಅಲ್ಲಾಡಿಸಿ, ಕಣ್ಣು ಮುಚ್ಚಿ, "ಇನ್ನೂ ನೀರೈತೆ" ಅನ್ನುತ್ತಿದ್ದರು. ಮಧ್ಯಾಹ್ನದ ಹೊತ್ತು ಬೀದಿ ನಿಶ್ಶಬ್ದವಾದಾಗ ಆ ಮನೆಯೊಳಗಿನಿಂದ ಕಾಯಿ ಕುಲುಕುವ ಸದ್ದು ನಮ್ಮ ಕಿಟಕಿಗೆ ಕೇಳುತ್ತಿತ್ತು. ಲೊಟಕ್, ಲೊಟಕ್. ನಾನು ಎಷ್ಟೋ ಸಲ ಅದನ್ನು ಕೇಳುತ್ತ ನಿದ್ದೆ ಹೋಗಿದ್ದೇನೆ. ಎದ್ದ ಮೇಲೆ, ಕೇಳಿದ್ದು ಕನಸಿನಲ್ಲೋ ಬೀದಿಯಲ್ಲೋ ಗೊತ್ತಾಗುತ್ತಿರಲಿಲ್ಲ.

ನಿದ್ದೆ ಹೋಗಬಾರದವರು ಆಕೆ. ಊಟವಾದ ಮೇಲೆ ಯಜಮಾನರಿಗೆ ಮನೆ ನೆನಪಾಗುತ್ತಿತ್ತು. ಪಂಚೆ ಸರಿ ಮಾಡಿಕೊಂಡು, ಛತ್ರಿ ಕಂಕುಳಲ್ಲಿ ಇಟ್ಟುಕೊಂಡು ಓಣಿಗೆ ಬರುತ್ತಿದ್ದರು.

"ಮನೇಗೆ ಹೋಗ್ಬತ್ತೀನಿ."

"ಇದೇ ಮನೆ ಕಣ್ರೀ."

"ಇದಲ್ಲ ಕಣಮ್ಮ. ನಮ್ಮನೆ. ಶೆಟ್ಟಿಕೆರೇಲಿ. ಅವ್ವ ಉಣ್ಣದೆ ಕೂತಿರ್ತಾಳೆ."

ಅವ್ವ ಹೋಗಿ ಎಷ್ಟು ಕಾಲವಾಯಿತೋ. ಹುಟ್ಟಿದ ಮನೆ ಬಿದ್ದು ಆ ಜಾಗದಲ್ಲಿ ಯಾರದೋ ತೆಂಗಿನ ಸಸಿಗಳು ಮೇಲೆದ್ದಿದ್ದವು. ಇದನ್ನು ಹೇಳಿದರೆ ಅವ್ವ ಆಗಷ್ಟೇ ಸತ್ತಂತೆ ಯಜಮಾನರು ಅಳುತ್ತಿದ್ದರು. ಹಾಗಾಗಿ ಆಕೆ ಹೇಳುವುದನ್ನು ಬಿಟ್ಟು ಅಡ್ಡ ಕೂತರು.

ಬಾಗಿಲು ಹಾಕಿಕೊಳ್ಳಬಹುದಿತ್ತಲ್ಲ ಅಂತ ನಾನೇ ಕೇಳಿದ್ದೆ.

"ಹಗಲೊತ್ತು ಬಾಗ್ಲು ಹಾಕಿದ್ರೆ ಮನೇಲಿ ಏನೋ ಆಗೈತೆ ಅಂತಾರೆ ಮೇಷ್ಟ್ರೇ. ಅದ್ನೂ ನೋಡ್ದೆ. ಚಿಲಕ ಹಾಕಿದ್ದಕ್ಕೆ, ಆ ಚಿಲಕಕ್ಕೇ ಹಣೆ ಒತ್ಕೊಂಡು ಮಗೀನಂಗೆ ಅತ್ತುಬುಟ್ರು. ನನ್ಯಾಕೆ ಕೂಡಾಕಿದ್ದೀರಿ, ನಾನೇನು ಕದ್ದೆ ಅಂತ. ಬ್ಯಾಡ ಬುಡಿ. ತೆಗೆದೇ ಇರ್ಲಿ."

ಒಂದು ಭಾನುವಾರ ಆಕೆಗೆ ಕೂತಲ್ಲೇ ಜೊಂಪು ಹತ್ತಿತು. ಯಜಮಾನರು ಆಕೆಯನ್ನು ದಾಟಿಕೊಂಡು ಹೋದರು. ಸಂಜೆಯ ಹೊತ್ತಿಗೆ ರೈಲ್ವೆ ಸ್ಟೇಷನ್ನಿನಾಚೆ, ಹಳಿಗಳ ನಡುವೆ ಛತ್ರಿ ಬಿಡಿಸಿಕೊಂಡು ನಡೆಯುತ್ತಿದ್ದವರನ್ನು ರೈಲ್ವೆಯ ಕೆಲಸದವನೊಬ್ಬ ಕೈ ಹಿಡಿದು ಕೆಳಗಿಳಿಸಿದ. ಹುಡುಕಲು ಹೋದವರಲ್ಲಿ ನಾನಿದ್ದೆ, ಆಕೆಯ ಮೈದುನ ಇದ್ದರು, ಮತ್ತೆ ಆಕೆಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಚೀನಾ ದೇಶದವನಿದ್ದ. ನಾವು ಕರೆತಂದಾಗ ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಮಣೆಯ ಮೇಲೆ ಕೂತು ತಮ್ಮ ತೊಡೆಯನ್ನು ತಾವೇ ಜೋರಾಗಿ ಚಿವುಟಿಕೊಂಡರು. ಆ ದಿನದಿಂದ ಎಷ್ಟೋ ಕಾಲ ಆಕೆ ಮಧ್ಯಾಹ್ನ ಕಣ್ಣು ಮುಚ್ಚಿದ್ದನ್ನು ನಾನು ಕಾಣೆ. ರಾತ್ರಿಯೂ ಮಲಗುತ್ತಿರಲಿಲ್ಲ ಅಂತ ಗುಳಿಬಿದ್ದ ಕೆನ್ನೆ ಹೇಳುತ್ತಿತ್ತು.

ಚೀನಾದವನ ವಿಷಯ ಹೇಳಬೇಕು. ಊರಾಚೆಯ ಕಾಯಿಪುಡಿ ಕಾರ್ಖಾನೆಗೆ ಅವನ ದೇಶದಿಂದ ಮಿಷನ್ನು ಬಂದಿತ್ತು, ಕೂರಿಸಿ ಓಡಿಸಿ ತೋರಿಸಲು ಇವನು ಬಂದಿದ್ದ. ನಡುವಯಸ್ಸಿನ, ದುಂಡು ಮುಖದ, ಸದಾ ಬೆವರುತ್ತಿದ್ದ ಮನುಷ್ಯ. ಕಲಿತ ಕನ್ನಡ ಒಂದೇ ಪದ, "ಸಾಕು". ಅದನ್ನು ಅನ್ನ ಬಡಿಸುವಾಗಲೂ ಹೇಳುತ್ತಿದ್ದ, ಹಗಲು ಕರೆಂಟು ಹೋದಾಗಲೂ ಹೇಳುತ್ತಿದ್ದ. ಆಕೆ ಅವನನ್ನು ತಮ್ಮ ಅನ್ನುತ್ತಿದ್ದರು. ಉಳಿದ ಮಾತುಕತೆಯೆಲ್ಲ ಅವನ ಫೋನಿನ ಮೂಲಕ. ಅವನು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಫೋನು ಕನ್ನಡದಲ್ಲಿ ನುಡಿಯುತ್ತಿತ್ತು.

ಅವರ ಹೊಸ ವರ್ಷ ಬಂತು. ಅವನು ಪೆಟ್ಟಿಗೆಯಿಂದ ಎರಡು ಕಾಗದದ ಸುರುಳಿ ತೆಗೆದ. ಆಕೆಯ ಕೈಯಲ್ಲಿ ಮೈದಾ ಗೋಂದು ಕಾಯಿಸಿಕೊಂಡು, ಬಾಗಿಲು ಮುಚ್ಚಿ, ಬೀದಿಯ ಕಡೆಯಿಂದ ಕದಕ್ಕೊಂದರಂತೆ ಅಂಟಿಸಿದ. ಇಬ್ಬರು ಯೋಧರು. ಮೈ ತುಂಬ ಕವಚ, ಬೆನ್ನ ಹಿಂದೆ ಬಾವುಟಗಳು, ಕೈಯಲ್ಲಿ ಆಯುಧ, ಗಡ್ಡ ಎದೆಯವರೆಗೆ. ಒಬ್ಬನ ಮುಖ ಬಿಳಿ, ಒಬ್ಬನದು ಕಪ್ಪು. ಕದ ಮುಚ್ಚಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುವಂತೆ. ಬೀದಿ ಸೇರಿತು. ಫೋನು ಗಂಟಲು ಸರಿಮಾಡಿಕೊಂಡಂತೆ ಶುರು ಮಾಡಿತು:

"ಪೂಜ್ಯ ಮಾತೆಯವರೇ, ಇನ್ನು ತಾವು ನಿದ್ರಿಸಬಹುದು. ಇವರು ದ್ವಾರವನ್ನು ರಕ್ಷಿಸುತ್ತಾರೆ."

"ಅಯ್ಯೋ, ಪುರಾಣ ಓದ್ದಂಗೆ ಓದ್ತದಲ್ಲಪ್ಪ ಇದು!" ಅಂತ ಆಕೆ ನಕ್ಕರು. ಆಕೆಯ ನಗು ನಾನು ಕೇಳಿದ್ದು ಅದೇ ಮೊದಲೆಂದು ನನ್ನ ನೆನಪು.

ಫೋನು ಕಥೆ ಹೇಳಿತು. ಅವರ ದೇಶದ ಒಬ್ಬ ರಾಜನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬಾಗಿಲಾಚೆ ದೆವ್ವಗಳ ಗಲಾಟೆ. ಇಬ್ಬರು ಸೇನಾಪತಿಗಳು ಬಂದು ಬಾಗಿಲ ಎರಡೂ ಪಕ್ಕ ನಿಂತರು. ರಾಜ ಮಲಗಿದ. ಹೀಗೇ ಕೆಲವು ದಿನ ಕಳೆದ ಮೇಲೆ ರಾಜನಿಗೆ ಅನಿಸಿತು, ನಾನು ಮಲಗುತ್ತೇನೆ ಸರಿ, ಇವರು? ಚಿತ್ರಗಾರನನ್ನು ಕರೆಸಿ ಇಬ್ಬರ ಚಿತ್ರ ಬರೆಸಿ ಕದಕ್ಕೆ ಅಂಟಿಸಿದ. ದೆವ್ವಗಳಿಗೆ ವ್ಯತ್ಯಾಸ ತಿಳಿಯಲಿಲ್ಲ.

"ಆ ಸೇನಾಪತಿಗಳು ಮನೇಗೆ ಹೋಗಿ ಮಲಗಿದ್ರಾ?" ಆಕೆ ಕೇಳಿದ್ದು ಇಷ್ಟೇ.

ಅವನು ಯೋಚಿಸಿ ಏನೋ ಹೇಳಿದ. ಫೋನು, "ಹೌದು. ಬಹಳ ಹೊತ್ತು ನಿದ್ರಿಸಿದರು" ಅಂದಿತು.

"ಒಳ್ಳೆ ರಾಜ ಕಣಪ್ಪ. ಕಾಯೋರೂ ಮಲಗ್ಬೇಕು ಅನ್ನೋದು ಅವನಿಗೆ ಹೊಳೀತಲ್ಲ."

ಮೈದುನ ಅಂಗಡಿ ಮುಚ್ಚಿ ಬಂದವರು ಕದ ನೋಡಿ ಹೌಹಾರಿದರು. "ಇದೇನತ್ತಿಗೆ! ಲಿಂಗ ಕಟ್ಟಿರೋರ ಮನೆ ಬಾಗ್ಲಿಗೆ ಚೀನಾ ದೇವ್ರು?"

"ಚೀನಾದ ಫೋನು ಎದೆ ಜೇಬಲ್ಲೇ ಮಡಿಕ್ಕಂಡಿಲ್ವೇನಯ್ಯ ನೀನು? ಲಿಂಗದ ಪಕ್ಕದಲ್ಲೇ?"

ಮಾರನೆಯ ದಿನ ಆಕೆ ಚಿತ್ರಗಳಿಗೆ ವಿಭೂತಿ ಹಚ್ಚಿದರು. ಶಿರಸ್ತ್ರಾಣ ಹುಬ್ಬಿನವರೆಗೂ ಇದ್ದದ್ದರಿಂದ ಅದರ ಮೇಲೆಯೇ ಮೂರು ಬೆರಳು ಎಳೆದರು. ಬಿಳಿ ಮುಖದವನಿಗೆ ಕೆಂಚಣ್ಣ, ಕಪ್ಪು ಮುಖದವನಿಗೆ ಕರಿಯಣ್ಣ ಅಂತ ಹೆಸರೂ ಆಯಿತು.

ಅವನ ದೇಶದಲ್ಲಿ ಬಾಗಿಲು ಮುಚ್ಚಿರುತ್ತದೆಯಂತೆ, ಚಿತ್ರಗಳು ಬೀದಿ ನೋಡುತ್ತ ಬರುವ ಕೇಡನ್ನು ತಡೆಯುತ್ತವೆಯಂತೆ. ನಮ್ಮ ಬೀದಿಯಲ್ಲಿ ಬೆಳಗಾದರೆ ಬಾಗಿಲು ತೆರೆಯಲೇಬೇಕು. ಆಕೆ ಎಂದಿನಂತೆ ಕದ ಒಳಕ್ಕೆ ತಳ್ಳಿದರು. ಯೋಧರಿಬ್ಬರೂ ಓಣಿಯೊಳಗೆ ಸರಿದು, ಒಬ್ಬನು ಈ ಗೋಡೆ ಒಬ್ಬನು ಆ ಗೋಡೆ ಹಿಡಿದು, ಮನೆಯ ಒಳಗಡೆ ಮುಖ ಮಾಡಿ ನಿಂತರು. ಕೆಲಸದಿಂದ ಬಂದ ಚೀನಾದವನು ನೋಡಿ ಗಾಬರಿಯಾದ. ಫೋನು ಹೇಳಿತು: "ದಯವಿಟ್ಟು ಮುಚ್ಚಿರಿ. ಇವರು ತಪ್ಪು ದಿಕ್ಕನ್ನು ನೋಡುತ್ತಿದ್ದಾರೆ."

"ಒಳಗೇ ನೋಡ್ಲಿ ಬುಡು ತಮ್ಮ. ನಮ್ಮ ದೆವ್ವ ಒಳಗೇ ಐತೆ."

ಆ ದೆವ್ವ ಛತ್ರಿ ಹಿಡಿದು ಓಣಿಗೆ ಬಂದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹಾಗಂದುಕೊಂಡಿದ್ದೇನೆ. ನಮ್ಮ ಕಿಟಕಿಯಿಂದ ಓಣಿಯ ಒಳಭಾಗ ಕಾಣುವುದೇ ಇಲ್ಲ, ನೀವು ನೋಡಿದ್ದು ಸುಳ್ಳು ಅಂತ ಹೆಂಡತಿ. ಇರಲಿ, ಆಕೆಯಿಂದ ಕೇಳಿದ್ದೇ ನೋಡಿದಂತೆ ಆಗಿರಬಹುದು. ಯಜಮಾನರು ಎರಡೂ ಕದಗಳ ಮುಂದೆ ನಿಂತರು. ಒಬ್ಬನ ಮುಖ ನೋಡಿದರು, ಇನ್ನೊಬ್ಬನ ಮುಖ ನೋಡಿದರು. ಸೊಂಟ ಸ್ವಲ್ಪ ಬಗ್ಗಿಸಿ, ದೊಡ್ಡವರ ಮುಂದೆ ನಿಂತಂತೆ, "ಹೋಗ್ಲೇನ್ರಪ್ಪ?" ಅಂದರು. ಕಾದರು. ಕೆಂಚಣ್ಣನ ಎದೆಗೆ ಕಿವಿ ಇಟ್ಟು, ಬೆರಳಿನ ಗೆಣ್ಣಿನಿಂದ ಮರ ತಟ್ಟಿ ಕೇಳಿಸಿಕೊಂಡರು. ಆಮೇಲೆ ಆಕೆಯ ಕಡೆ ತಿರುಗಿ,

"ಇನ್ನೂ ನೀರೈತೆ. ಬುಡಾಕಿಲ್ಲ ಅಂತಾರೆ ಕಣೇ."

"ಹಂಗಾರೆ ನಾಳೆ ಕೇಳಿ."

"ನಾಳೆ ಕೇಳ್ತೀನಿ."

ಯಜಮಾನರು ಒಳಗೆ ಹೋದರು. ಆಕೆ ಮಣೆಯಿಂದ ಎದ್ದು, ಅದನ್ನೇ ತಲೆಯ ಕೆಳಗೆ ಇಟ್ಟುಕೊಂಡು, ಓಣಿಯಲ್ಲಿ ಇಬ್ಬರು ಯೋಧರ ಕಾಲ ಬುಡದಲ್ಲಿ ಮಲಗಿದರು. ಸಂಜೆ ನನ್ನ ಹೆಂಡತಿ ಹಾಲು ಕೊಡಲು ಹೋಗಿ, ಎಬ್ಬಿಸಲಾರದೆ ವಾಪಸ್ಸು ಬಂದಳು.

ಹೀಗೆ ಎಷ್ಟು ಕಾಲ ನಡೆಯಿತೆಂದು ಕೇಳಬೇಡಿ. ಆ ಮಧ್ಯಾಹ್ನಗಳು ನನ್ನಲ್ಲಿ ಒಂದೇ ಮಧ್ಯಾಹ್ನವಾಗಿ ಉಳಿದಿವೆ. ತೆಂಗಿನ ಗರಿಯ ನೆರಳು ಹೆಂಚಿನ ಮೇಲೆ ಆಡುತ್ತದೆ, ಅಟ್ಟದಿಂದ ಕಾಯಿಯ ವಾಸನೆ ಇಳಿಯುತ್ತದೆ, ಒಬ್ಬರು ಅನುಮತಿ ಕೇಳುತ್ತಾರೆ, ಒಬ್ಬರು ಮಲಗಿದ್ದಾರೆ, ಗೋಡೆಗೆ ಒರಗಿದ ಇಬ್ಬರು ಎಚ್ಚರವಾಗಿದ್ದಾರೆ. ಎಷ್ಟು ಸಲ ಬಿಡಿಸಲು ನೋಡಿದರೂ ಅದು ಬಿಡಿಯಾಗುವುದಿಲ್ಲ.

ಮಿಷನ್ನು ಓಡತೊಡಗಿತು, ಚೀನಾದವನು ಹೊರಟ. ಚಿತ್ರಗಳನ್ನು ವರ್ಷಕ್ಕೊಮ್ಮೆ ತೆಗೆದು ಹೊಸದು ಅಂಟಿಸಬೇಕು, ಹಳಬರಾದರೆ ಕಾಯುವುದಿಲ್ಲ, ನಾನೇ ತರುತ್ತೇನೆ ಎಂದು ಹೇಳಿಹೋದ. ಬರಲಿಲ್ಲ. ಫೋನು ಮಾಡಿದರೆ ಸಿಗುತ್ತಿರಲಿಲ್ಲ. ಚಿತ್ರಗಳು ಸವೆಯತೊಡಗಿದವು. ಬಿಸಿಲಿಗಲ್ಲ. ಯಜಮಾನರು ಕೇಳುವಾಗ ಒಂದು ಕೈ ಕೆಂಚಣ್ಣನ ಕೆನ್ನೆಯ ಮೇಲೆ, ಒಂದು ಕೈ ಕರಿಯಣ್ಣನ ಕೆನ್ನೆಯ ಮೇಲೆ ಇಡುತ್ತಿದ್ದರು. ಮುಖಗಳೇ ಮೊದಲು ಹೋದವು. ಇಂಟರ್ನೆಟ್ಟಿನಲ್ಲಿ ಹುಡುಕಿ ಅಂಥದ್ದೇ ಎರಡು ಪ್ರಿಂಟು ಹಾಕಿಸಿ ಕೊಡುತ್ತೇನೆ ಅಂದೆ.

"ಬ್ಯಾಡ ಮೇಷ್ಟ್ರೇ. ಅವನು ಅಂಟಿಸಿದ್ದು, ಅವನೇ ಬಂದು ತೆಗೀಲಿ. ಇದ್ದೋರನ್ನ ಎಬ್ಬಿಸಿ ಹೊಸಬರನ್ನ ನಿಲ್ಸೋದು ನಂಗ್ಯಾಕೋ ಸರಿಬರಾಕಿಲ್ಲ."

"ಮುಖವೇ ಇಲ್ವಲ್ಲಮ್ಮ ಅವಕ್ಕೆ."

"ನಮ್ಮೋರಿಗೆ ಕಾಣ್ತದೆ."

ಕಾಣುತ್ತಿತ್ತು, ಒಂದು ದಿನದವರೆಗೆ. ಆ ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ಯಜಮಾನರು ಕೇಳಿದರು. ತಟ್ಟಿ ನೋಡಿದರು. ಮುಖ ಅರಳಿಸಿಕೊಂಡು ಆಕೆಯ ಭುಜ ಅಲ್ಲಾಡಿಸಿದರು.

"ಲೇ ಇವಳೇ, ಏಳೇ. ಬುಟ್ರು ಕಣೇ! ಹೋಗ್ಬಾ ಅಂದ್ರು."

ನಿದ್ದೆಗಣ್ಣಿನ ಆಕೆ ಏನು ಮಾಡಬಹುದಿತ್ತು? ತಡೆಯಬಹುದಿತ್ತು, ಬೀದಿಯವರನ್ನು ಕೂಗಬಹುದಿತ್ತು. ಇಷ್ಟು ದಿನ ಆ ಯೋಧರನ್ನು ತೋರಿಸಿ ಅವರನ್ನೇ ಕೇಳಿ, ಅವರನ್ನೇ ಕೇಳಿ ಅಂದವರು. ಅವರು ಬಿಟ್ಟೆವೆಂದ ಮೇಲೆ ನಾನು ಬಿಡೆನೆಂದರೆ ಮಾತು ಉಳಿಯುತ್ತದೆಯೇ? ಇದನ್ನು ಆಕೆ ಆಮೇಲೆ ನನಗೆ ತೀರಾ ಸಹಜವಾಗಿ, ಕಾನೂನು ವಿವರಿಸುವಂತೆ ಹೇಳಿದರು. ಎದ್ದು ಮುಖ ತೊಳೆದರು, ಚಪ್ಪಲಿ ಮೆಟ್ಟಿದರು. ಹೊರಗೆ ಬಂದು ಎರಡೂ ಕದ ಎಳೆದು ಬೀಗ ಹಾಕಿದರು. ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಬೀದಿಯವರು ಎದ್ದು ನಿಂತು ನೋಡಿದರು. ಗಂಡನ ಕೈ ಹಿಡಿದುಕೊಂಡು ಬಸ್‌ ಸ್ಟ್ಯಾಂಡಿನ ಕಡೆ ಹೊರಟರು.

ಶೆಟ್ಟಿಕೆರೆಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಆಕೆಯೂ ಒಂದೇ ಥರ ಹೇಳಲಿಲ್ಲ. ಒಂದು ಸಲ, ಸಸಿಗಳ ನಡುವೆ ಯಜಮಾನರು ಅವ್ವನನ್ನು ಕೂಗಿದರು ಅಂದರು. ಇನ್ನೊಂದು ಸಲ, ಬಸ್ಸಿನಿಂದ ಇಳಿಯಲೇ ಇಲ್ಲ, ಕಿಟಕಿಯಿಂದ ನೋಡಿ ಇದ್ಯಾವೂರು ಅಂದರು ಅಂದರು. ಮತ್ತೊಂದು ಸಲ ಬರೀ ನಕ್ಕು, "ಒಂದು ಎಳನೀರು ಕುಡುದ್ವಿ ಮೇಷ್ಟ್ರೇ, ಬಂದ್ವಿ" ಅಂದರು. ಮೂರರಲ್ಲಿ ಯಾವುದನ್ನೂ ಬಿಡಲು ನನಗೆ ಮನಸ್ಸಿಲ್ಲ.

ವಾಪಸ್ಸು ಬಂದದ್ದನ್ನು ಮಾತ್ರ ನೋಡಿದೆ, ಹೆಂಡತಿಯೂ ನೋಡಿದಳು. ಸಂಜೆಯಾಗಿರಲಿಲ್ಲ. ಬೀದಿಯ ತುದಿಯಿಂದ ಇಬ್ಬರೂ ಬಂದರು, ಯಜಮಾನರು ಮುಂದೆ, ಆಕೆ ಹಿಂದೆ, ಕಾಲೆಳೆಯುತ್ತ. ಪ್ರತಿ ಮನೆಯ ಮುಂದೆಯೂ ಯಜಮಾನರು ನಿಂತು, ಅಲ್ಲ ಅಂತ ತಲೆಯಾಡಿಸಿ ಮುಂದೆ ಬರುತ್ತಿದ್ದರು. ಮುಚ್ಚಿದ್ದ ಆ ಬಾಗಿಲಿನ ಮುಂದೆ ನಿಂತರು. ಕದ ಮುಚ್ಚಿದ್ದರಿಂದ ಯೋಧರಿಬ್ಬರೂ ಬೀದಿಗೆ ಬಂದಿದ್ದರು, ಚೀನಾದವನು ನಿಲ್ಲಿಸಿದ್ದ ಹಾಗೇ, ಒಬ್ಬರಿಗೊಬ್ಬರು ಎದುರಾಗಿ, ಮುಖವಿಲ್ಲದೆ.

"ಇದೇ ಕಣೇ!" ಯಜಮಾನರು ಕೂಗಿದರು. "ಇದೇ ನಮ್ಮನೆ! ನೋಡೇ, ಕರಿಯಣ್ಣ ಕೆಂಚಣ್ಣ ನಿಂತವ್ರೆ!"

ಆಕೆ ಬೀಗ ತೆಗೆಯಲು ಹೋದವರು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬೀಗ ಹಿಡಿದು ನಿಂತಿದ್ದರು.

ಅಲ್ಲಿಂದಾಚೆ ಯಜಮಾನರು ಮನೆಗೆ ಹೋಗುತ್ತೇನೆ ಅನ್ನಲಿಲ್ಲ ಅಂತ ಬರೆಯಲು ನನ್ನ ಕೈ ತುಡಿಯುತ್ತದೆ. ಮುಂದಿನ ವಾರವೇ ಅಂದರು ಅನ್ನುತ್ತಾಳೆ ಹೆಂಡತಿ. ಅಂದಿರಬಹುದು. ಆಕೆ ಮಾತ್ರ ಮತ್ತೆ ತೊಡೆ ಚಿವುಟಿಕೊಳ್ಳಲಿಲ್ಲ. ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಮುಚ್ಚಿ, ಬೀದಿಯ ಆ ತುದಿಯವರೆಗೆ ಕರೆದುಕೊಂಡು ಹೋಗಿ ತಿರುಗಿ ಕರೆತರುತ್ತಿದ್ದರು. ತಿರುಗಿ ಬಂದಾಗ ಬಾಗಿಲಲ್ಲಿ ಆ ಇಬ್ಬರೂ ನಿಂತಿರುತ್ತಿದ್ದರು. ಅದೇ ಮನೆ.

ಯಜಮಾನರು ಒಂದು ಬೆಳಿಗ್ಗೆ ಏಳಲಿಲ್ಲ. ಆಮೇಲೂ ಆಕೆ ಬಾಗಿಲಲ್ಲೇ ಕೂತರು, ಬೀದಿಗೆ ಬೆನ್ನು ಹಾಕಿಯೇ. ಒಳಗೆ ಕಾಯಲು ಯಾರೂ ಇರಲಿಲ್ಲ. "ರೂಢಿ ಕಣಮ್ಮ" ಅಂತ ನನ್ನ ಹೆಂಡತಿಗೆ ಹೇಳಿದರಂತೆ. ಮಧ್ಯಾಹ್ನ ಮಲಗುವುದನ್ನೂ ಬಿಟ್ಟಿದ್ದರು. ಅಟ್ಟದ ಕಾಯಿಗಳನ್ನು ಇಳಿಸಿ, ಕಿವಿಗೆ ಹಿಡಿದು ಕುಲುಕುತ್ತಿದ್ದರು. ಆಕೆಗೆ ಆ ವಿದ್ಯೆ ಗೊತ್ತಿತ್ತೋ, ಬರೀ ಸದ್ದು ಬೇಕಿತ್ತೋ.

ಹೋದ ತಿಂಗಳು ಆಕೆಯೂ ಹೋದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವು ಮುಡಿಸಿ, ಕೂರಿಸಿಯೇ ಒಯ್ದು ಮಣ್ಣು ಮಾಡುತ್ತಾರೆ. ಬೀದಿಯಲ್ಲಿ ಹೊತ್ತೊಯ್ಯುವ ಬಿದಿರಿನ ವಿಮಾನ ಸಿದ್ಧವಾಗಿತ್ತು. ಒಳಗಿನಿಂದ ಕುರ್ಚಿಯಲ್ಲಿ ಕೂರಿಸಿಕೊಂಡು ಓಣಿಗೆ ತಂದರು. ಕುರ್ಚಿಯ ಕೈ ಅಗಲ, ಓಣಿ ಇಕ್ಕಟ್ಟು. ಎರಡು ಕದಗಳ ನಡುವೆ ಸಿಕ್ಕಿಕೊಂಡಿತು.

"ಕದ ಪೂರ್ತಿ ತೆಗೀರಪ್ಪ."

"ತೆಗೆದೇ ಐತಲ್ಲಣ್ಣ."

ಹೊತ್ತವರು ನಿಂತರು. ಆಕೆ ಬಾಗಿಲಲ್ಲಿ ಕೂತಿದ್ದರು, ಬೀದಿಗೆ ಮುಖ ಮಾಡಿ. ಆ ಜಾಗದಲ್ಲಿ ಆ ಮುಖವನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣು ಮುಚ್ಚಿತ್ತು. ಎರಡೂ ಪಕ್ಕ ಆ ಬಿಳಿ ಕಾಗದಗಳು ಒಳಗಡೆಗೆ ನೋಡುತ್ತಿದ್ದವು, ಅಥವಾ ಆಕೆಯನ್ನು.

ಮೈದುನ ಮುಂದೆ ಬಂದರು. ಅಂದು ಲಿಂಗದ ಮಾತೆತ್ತಿದ್ದವರು. ಒಂದು ಅಂಗೈ ಈ ಕದದ ಮೇಲೆ, ಇನ್ನೊಂದು ಆ ಕದದ ಮೇಲೆ, ಅಣ್ಣ ಇಡುತ್ತಿದ್ದ ಜಾಗದಲ್ಲೇ ಇಟ್ಟರು.

"ಕಳಿಸ್ಕೊಡ್ರಪ್ಪ" ಅಂದರು. ಕುರ್ಚಿ ಕೊಂಚ ಓರೆಯಾಗಿ, ಬಿಡಿಸಿಕೊಂಡು ಹೊರಗೆ ಬಂತು. ಕೈ ತೆಗೆಯುವ ಮೊದಲು ಮೆಲ್ಲಗೆ, "ನೀವೂ ಇನ್ನು ಹೋಗಿ ಮಲಕ್ಕಳಿ" ಅಂದರು.

ಹೆಂಡತಿ ಒಪ್ಪುವುದಿಲ್ಲ. ಮೈದುನ ಅಂದದ್ದು ಮೊದಲನೆಯ ಮಾತು ಮಾತ್ರ, ನಾನು ಪಕ್ಕದಲ್ಲೇ ಇದ್ದೆ ಅನ್ನುತ್ತಾಳೆ. ಇರಬಹುದು. ಎರಡನೆಯದನ್ನು ಯಾರಾದರೂ ಹೇಳಲೇಬೇಕಿತ್ತು.